ಎಸ್‌ಬಿಇ2ಎ ಮಾರ್ಕರ್ ಪಾಸ್, ಅಮೈಲೋಸ್ ಮಾತ್ರ ಏರಿಲ್ಲ. ಯಾಕೆ?

ಪ್ರಶ್ನೆ: ನಿರೋಧಕ ಪಿಷ್ಟ (ಸುಲಭವಾಗಿ ಜೀರ್ಣವಾಗದ ಪಿಷ್ಟ) ಹೆಚ್ಚಿರುವ ಬ್ರೆಡ್ ಗೋಧಿ ಬೇಕೆಂದು ಎಸ್‌ಬಿಇ2ಎ ಜೀನ್ ಕೆಟ್ಟಿರುವ ಮ್ಯುಟೆಂಟ್ ಸಾಲನ್ನು ನಮ್ಮ ತಳಿಗೆ ಬ್ಯಾಕ್‌ಕ್ರಾಸ್ (ಮತ್ತೆ ಮತ್ತೆ ನಮ್ಮ ತಳಿಯೊಂದಿಗೇ ಸಂಕರ) ಮಾಡುತ್ತಿದ್ದೇವೆ. ಎ ಜೀನೋಮ್‌ನಲ್ಲಿ ಮ್ಯುಟೇಶನ್ ಹೋಮೋಜೈಗಸ್ (ಎರಡೂ ಪ್ರತಿಗಳಲ್ಲಿ) ಆಗಿದೆಯೆಂದು ಕಾಸ್ಪ್ (ಒಂದೇ ಬೇಸ್‌ನ ವ್ಯತ್ಯಾಸ ಗುರುತಿಸುವ ಪಿಸಿಆರ್ ಪರೀಕ್ಷೆ) ಮಾರ್ಕರ್ ಹೇಳುತ್ತಿದೆ. ಅಮೈಲೋಸ್ (ಹೆಚ್ಚು ಕವಲಿಲ್ಲದ ಪಿಷ್ಟ) ಮಾತ್ರ ಮಾಮೂಲಿ 25% ಆಸುಪಾಸಿನಲ್ಲೇ ಇದೆ. ಮಾರ್ಕರ್ ತಪ್ಪೇ?

ಉತ್ತರ: ಮಾರ್ಕರ್ ಸರಿಯಾಗಿದೆ, ನೀವು ಅರ್ಧದಾರಿಯಲ್ಲಿದ್ದೀರಿ ಅಷ್ಟೇ. ಪಿಷ್ಟಕ್ಕೆ ಕವಲು ಕೂಡಿಸುವ ಈ ಕಿಣ್ವದ ಜೀನ್ ಗೋಧಿಯ ಎ, ಬಿ, ಡಿ ಮೂರು ಜೀನೋಮ್‌ಗಳ 2ಎ, 2ಬಿ, 2ಡಿ ಮೂರೂ ವರ್ಣತಂತುಗಳಲ್ಲಿದೆ. ಒಂದು ಕೆಟ್ಟರೆ ಉಳಿದೆರಡು ಕೆಲಸ ಸಾಗಿಸುತ್ತವೆ. ಮೂರೂ ಸುಮ್ಮನಾದಾಗಲೇ ಕವಲುಳ್ಳ ಅಮೈಲೋಪೆಕ್ಟಿನ್ ಇಳಿದು ಅಮೈಲೋಸ್ ಪಾಲು ಜಿಗಿಯುವುದು. ಹಾಗಾಗಿ ಮೂರು ಮಾರ್ಕರ್ ಜೊತೆಯಾಗಿ ಓಡಿಸಬೇಕು.

ಲೆಕ್ಕ ಹೀಗೆ: ಬ್ಯಾಕ್‌ಕ್ರಾಸ್ ಸಂತತಿಯಲ್ಲಿ ಮೂರೂ ಮ್ಯುಟೇಶನ್ ಹೊತ್ತ ಗಿಡ 8ಕ್ಕೆ 1. ಅಂಥದ್ದೊಂದಾದರೂ ಸಿಗುವ ಸಂಭವ 95% ಬೇಕೆಂದರೆ 23 ಗಿಡ ಸಾಕು. ಆದರೆ ಒಂದೇ ಗಿಡ ಸಿಕ್ಕರೆ ಹಿನ್ನೆಲೆ ಮಾರ್ಕರ್ (ಗಿಡ ನಿಮ್ಮ ತಳಿಗೆ ಎಷ್ಟು ಹತ್ತಿರವೆಂದು ತೋರಿಸುವುದು) ನೋಡಿ ಆರಿಸಲು ಏನೂ ಉಳಿಯುವುದಿಲ್ಲ, 70–80 ಬೆಳೆಸಿ. ಕೊನೆಯ ಬ್ಯಾಕ್‌ಕ್ರಾಸ್ ಆದಮೇಲೆ ಸ್ವಪರಾಗಸ್ಪರ್ಶದಲ್ಲಿ ಮೂರೂ ಹೋಮೋಜೈಗಸ್ ಆಗುವುದು 64ಕ್ಕೆ 1, ಅದೇ 95%ಗೆ 191 ಗಿಡ. ಮೊಳೆಯದ ಬೀಜ, ಕೈಕೊಟ್ಟ ಡಿಎನ್‌ಎ ಎಲ್ಲ ಸೇರಿಸಿ 220 ಬಿತ್ತುವುದು ಒಳ್ಳೆಯದು. ರಾಸಾಯನಿಕದಿಂದ ಮಾಡಿದ ಮ್ಯುಟೆಂಟ್ ಆದರೆ ಬೇರೆ ಬೇಡದ ಮ್ಯುಟೇಶನ್‌ಗಳು ರಾಶಿ ಇರುತ್ತವೆ, ಎರಡಕ್ಕಿಂತ ಕಡಿಮೆ ಬ್ಯಾಕ್‌ಕ್ರಾಸ್‌ಗೆ ನಿಲ್ಲಿಸಬೇಡಿ.

ಮರುಪ್ರಶ್ನೆ: ಡಿ ಜೀನೋಮ್ ಮಾರ್ಕರ್‌ನ ಗ್ರಾಫ್‌ನಲ್ಲಿ ಮೂರು ಗುಂಪು (ಮ್ಯುಟೆಂಟ್, ಸಾಮಾನ್ಯ, ಎರಡೂ ಬೆರೆತ ಹೆಟೆರೋಜೈಗಸ್) ಬಿಡಿಯಾಗುತ್ತಿಲ್ಲ, ಎಲ್ಲ ಒಂದೇ ಅಕ್ಷದ ಕಡೆ ಒತ್ತಿಕೊಂಡಿವೆ. ಡಿಎನ್‌ಎ ಮತ್ತೆ ತೆಗೆಯಬೇಕೇ?

ಉತ್ತರ: ನೆಗೆಟಿವ್ ಕಂಟ್ರೋಲ್ ಸ್ವಚ್ಛವಿದ್ದರೆ ಮೊದಲು ಪ್ರೈಮರ್ (ಪಿಸಿಆರ್‌ನಲ್ಲಿ ವರ್ಧನೆ ಶುರುಮಾಡುವ ಡಿಎನ್‌ಎ ತುಣುಕು) ಅನುಮಾನಿಸಿ. ಅದು ಮೂರೂ ಜೀನೋಮ್ ವರ್ಧಿಸುತ್ತಿದ್ದರೆ ಹೋಮೋಜೈಗಸ್ ಮ್ಯುಟೆಂಟ್‌ನಲ್ಲೂ ಮ್ಯುಟೆಂಟ್ ಮತ್ತು ಸಾಮಾನ್ಯ ಪ್ರತಿಗಳ ಅನುಪಾತ 2:4, ಹೆಟೆರೋಜೈಗಸ್‌ನಲ್ಲಿ 1:5. ಗುಂಪು ಒತ್ತಿಕೊಳ್ಳದೆ ಇನ್ನೇನು? ಕಾಮನ್ ಪ್ರೈಮರ್‌ನ 3' ತುದಿ ಡಿ ಜೀನೋಮ್‌ಗೆ ಮಾತ್ರ ಇರುವ ಬೇಸ್ ಮೇಲೆ ಕೂರುವಂತೆ ಮರುವಿನ್ಯಾಸ ಮಾಡಿ. ಪರೀಕ್ಷೆಗೆ ಚೈನೀಸ್ ಸ್ಪ್ರಿಂಗ್ ತಳಿಯ 2ಡಿ ಇಲ್ಲದ ನಲ್ಲಿಸೋಮಿಕ್-ಟೆಟ್ರಾಸೋಮಿಕ್ ಸಾಲು ಬಳಸಿ. ಅಲ್ಲೂ ಸಿಗ್ನಲ್ ಬಂದರೆ ಪ್ರೈಮರ್ ಇನ್ನೂ ಸೋರುತ್ತಿದೆ.

ಮತ್ತೊಬ್ಬರ ಪ್ರಶ್ನೆ: ಗಿಡ ಬೆಳೆಸುವ ಬದಲು ಅರ್ಧ ಕಾಳಿನಿಂದಲೇ ಡಿಎನ್‌ಎ ತೆಗೆಯಬಹುದಲ್ಲ?

ಉತ್ತರ: ಆಗುತ್ತದೆ. ಭ್ರೂಣವಿಲ್ಲದ ತುದಿ ಕತ್ತರಿಸಿಕೊಂಡು ಉಳಿದ ಅರ್ಧ ಬಿತ್ತಿ. ಆದರೆ ಎಂಡೋಸ್ಪರ್ಮ್ (ಕಾಳಿನ ಪಿಷ್ಟದ ಭಾಗ) ಟ್ರಿಪ್ಲಾಯ್ಡ್, ಅಂದರೆ ಮೂರು ಪ್ರತಿಯದು: ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದು. ಹೀಗಾಗಿ ಹೆಟೆರೋಜೈಗಸ್ ಗುಂಪು 2:1, 1:2 ಎಂದು ಎರಡಾಗಿ ಒಡೆದೀತು. ಪಿಷ್ಟವೂ ಪಿಸಿಆರ್‌ಗೆ ಅಡ್ಡ ಬರುತ್ತದೆ. ಎಲೆ ಸಿಗುವಾಗ ನನ್ನ ಮತ ಎಲೆಗೇ.

ಅಂತಿಮ ಪರೀಕ್ಷೆ ಮಾರ್ಕರ್ ಅಲ್ಲ. ಹಿಟ್ಟನ್ನು ಪ್ಯಾಂಕ್ರಿಯಾಟಿಕ್ ಆಲ್ಫಾ-ಅಮೈಲೇಸ್, ಅಮೈಲೋಗ್ಲುಕೋಸಿಡೇಸ್ ಜೊತೆ 37 ಡಿಗ್ರಿಯಲ್ಲಿ 16 ಗಂಟೆ ಇಟ್ಟು ಜೀರ್ಣವಾಗದೆ ಉಳಿದ ಪಿಷ್ಟ ಅಳೆಯಿರಿ. ಸಂತತಿಯಲ್ಲಿ ಇನ್ನೂ ಗುಣ ಬೇರ್ಪಡುತ್ತಿರುವ ಗಿಡದ ತೆನೆಯನ್ನು ಒಟ್ಟಿಗೆ ಬೀಸಬೇಡಿ, ಬೇರೆಬೇರೆ ಜೀನೋಟೈಪ್‌ನ ಕಾಳು ಬೆರೆತು ಸರಾಸರಿ ಕುಸಿಯುತ್ತದೆ. ಇನ್ನು ಮೂರೂ ಜೀನ್ ಕೆಟ್ಟ ಕಾಳು ಸಾಮಾನ್ಯವಾಗಿ ಹಗುರ, ಕೆಲವೊಮ್ಮೆ ಸುಕ್ಕು. ಜರಡಿ, ಗಾಳಿ ಯಂತ್ರಕ್ಕೆ ಕೊಟ್ಟರೆ ಬೇಕಾದದ್ದೇ ಜೊಳ್ಳಿನೊಂದಿಗೆ ಹಾರಿಹೋಗುತ್ತದೆ. ಈ ಪೀಳಿಗೆಯನ್ನು ಕೈಯಲ್ಲೇ ಬಿಡಿಸಿ.