ಕಾಪುವಿನ ಸಂಜೆಯ ಚಿತ್ರಗಳು ಸಪ್ಪೆಯಾಗುವುದೇಕೆ?

ಪ್ರಶ್ನೆ: ಮಾನ್ಯರೇ, ನನ್ನಲ್ಲಿ ಎಪಿಎಸ್‌-ಸಿ ಅಳತೆಯ ಸೆನ್ಸರ್‌ನ ಡಿಎಸ್‌ಎಲ್‌ಆರ್, ಅದರೊಂದಿಗೆ ಬಂದ 18-55 ಮಿ.ಮೀ. ಲೆನ್ಸ್ ಮತ್ತು ಟ್ರೈಪಾಡ್ ಇವೆ. ಕಾಪು ಕಡಲತೀರದಲ್ಲಿ ಸೂರ್ಯಾಸ್ತ ತೆಗೆದರೆ ಒಂದೋ ಆಕಾಶ ಬಿಳಿಚಿಕೊಳ್ಳುತ್ತದೆ, ಇಲ್ಲವೇ ಬಂಡೆಗಳು ಕಪ್ಪಾಗುತ್ತವೆ. ಕಣ್ಣಿಗೆ ವಿಶಾಲವಾಗಿ ಕಂಡ ಕಡಲು ಚಿತ್ರದಲ್ಲಿ ಬರಿಯ ಗೆರೆಯಾಗುತ್ತದೆ. ಎನ್‌ಡಿ ಫಿಲ್ಟರ್ (ಲೆನ್ಸಿನೊಳಗೆ ಬರುವ ಬೆಳಕನ್ನು ತಗ್ಗಿಸುವ ಕಪ್ಪು ಗಾಜು) ಕೊಂಡರೆ ಸರಿಹೋದೀತೇ?

ಉತ್ತರ: ಫಿಲ್ಟರ್ ಸದ್ಯಕ್ಕೆ ಬೇಡ, ಮೊದಲು ಚಿತ್ರ ತೆಗೆಯುವ ಹೊತ್ತನ್ನು ಬದಲಿಸಿ. ಸೂರ್ಯಬಿಂಬದ ಹೊಳಪನ್ನೂ ನೆರಳಿನಲ್ಲಿರುವ ಬಂಡೆಯನ್ನೂ ಒಂದೇ ಎಕ್ಸ್‌ಪೋಶರ್‌ನಲ್ಲಿ ಹಿಡಿಯುವುದು ಬಹಳ ಕಷ್ಟ. ಬಿಂಬ ಮುಳುಗಿತೆಂದು ಜನರು ವಾಹನಗಳತ್ತ ಹೊರಡುವ ಹೊತ್ತಿಗೆ ಆಕಾಶದ ಬೆಳಕು ಬಂಡೆಗಳ ಮೇಲೂ ಹರಡಿ, ಆಕಾಶ ಮತ್ತು ಬಂಡೆಗಳ ಬೆಳಕಿನ ಅಂತರ ತಾನಾಗಿ ಕಿರಿದಾಗುತ್ತದೆ. ನಮ್ಮ ಕರಾವಳಿ 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದ್ದು, ಸೂರ್ಯ ಹೆಚ್ಚು ಓರೆಯಾಗದೆ ಇಳಿಯುವುದರಿಂದ ಮುಸ್ಸಂಜೆ ಬೇಗನೆ ಕಳೆದುಹೋಗುತ್ತದೆ. ಆದ್ದರಿಂದ ಜಾಗವನ್ನು ಮೊದಲೇ ಆರಿಸಿಟ್ಟುಕೊಂಡಿರಬೇಕು.

ಆ ಹೊತ್ತಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) 100, ಲೆನ್ಸಿನ ದ್ವಾರ ಎಫ್‌/11 ಇಟ್ಟರೆ ಶಟರ್ ವೇಗ ಫಿಲ್ಟರ್ ಇಲ್ಲದೆಯೇ ಅರ್ಧ ಸೆಕೆಂಡಿನ ಸಮೀಪಕ್ಕೆ ಬರುತ್ತದೆ. ಅಲೆ ಬಂಡೆಗೆ ಬಡಿಯುವಾಗಲ್ಲ, ಬಡಿದು ನೊರೆ ಸಂದುಗಳಿಂದ ಹಿಂದಕ್ಕೆ ಜಾರತೊಡಗಿದಾಗ ಶಟರ್ ಒತ್ತಿ. ಬಿಳಿಯ ಎಳೆಗಳು ಚೌಕಟ್ಟಿನ ಬುಡದಿಂದ ಕಡಲಿನತ್ತ ಹರಿದಂತೆ ಮೂಡುತ್ತವೆ. ಮೂವತ್ತು ಸೆಕೆಂಡಿನ ಎಕ್ಸ್‌ಪೋಶರ್‌ನಿಂದ ಕಡಲನ್ನು ಮಂಜಾಗಿಸುವ ರೂಢಿ ಈಗ ಹೆಚ್ಚಾಗಿದೆ. ನನಗಂತೂ ಅದು ಹಿಡಿಸುವುದಿಲ್ಲ. ಅಲೆ ಹಿಂದೆ ಸರಿಯುವಾಗ ಟ್ರೈಪಾಡಿನ ಕಾಲುಗಳ ಕೆಳಗಿನ ಮರಳೂ ಸರಿಯುತ್ತದೆ, ಆದ್ದರಿಂದ ಅವುಗಳನ್ನು ಮೊದಲೇ ಬಲವಾಗಿ ಒತ್ತಿ ಊರಿರಿ.

ಕಡಲು ಗೆರೆಯಾಗಲು ಕಾರಣ ಎದುರಿಗೆ ಏನೂ ಇಲ್ಲದಿರುವುದು. ಕ್ಯಾಮೆರಾವನ್ನು ಮೊಣಕಾಲಿನೆತ್ತರಕ್ಕೆ ಇಳಿಸಿ, ಒಂದು ಮೀಟರ್ ದೂರದಲ್ಲಿ ಪಾಚಿಗಟ್ಟಿದ ಬಂಡೆಯೊಂದು ಬರುವಂತೆ ನಿಲ್ಲಿಸಿ. 18 ಮಿ.ಮೀ.ಯಲ್ಲಿ ಎಫ್‌/11 ಇಟ್ಟು ಸುಮಾರು 1.5 ಮೀಟರ್‌ಗೆ ಫೋಕಸ್ ಮಾಡಿದರೆ ಮುಕ್ಕಾಲು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲ್‌ನಲ್ಲಿಯೇ ತೆಗೆಯಿರಿ.

ಕಾಪು ತೀರದ 1901ರ ದೀಪಸ್ತಂಭವು ಸಂಜೆ ಕಡಲಿನ ಬೆಳಕಿಗೆ ಕಪ್ಪು ಆಕೃತಿಯಾಗಿ ಕಾಣುತ್ತದೆ. ಅದರ ಮೈ ಕಾಣಬೇಕಿದ್ದರೆ ಮೂಡಣ ಬೆಳಕು ಬೀಳುವ ಬೆಳಿಗ್ಗೆ ಹೋಗಬೇಕು. ಸೂರ್ಯ ಮುಳುಗುವ ಜಾಗ ಡಿಸೆಂಬರಿನಿಂದ ಜೂನ್‌ವರೆಗೆ ದಿಗಂತದ ಮೇಲೆ ಸುಮಾರು 48 ಡಿಗ್ರಿಯಷ್ಟು ಉತ್ತರಕ್ಕೆ ಸರಿಯುವುದರಿಂದ, ಒಂದು ತಿಂಗಳಲ್ಲಿ ಒದಗಿದ ಚೌಕಟ್ಟು ಇನ್ನೊಂದು ತಿಂಗಳಲ್ಲಿ ಒದಗದು.

ಇನ್ನೊಬ್ಬರ ಪ್ರಶ್ನೆ: ಸರ್, ಸೈಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯ ದೋಣಿಗಳು ಹಗಲಿನಲ್ಲಿ ಮಾತ್ರ ಹೋಗುತ್ತವೆ. ಆ ಬಿರುಬಿಸಿಲಿನಲ್ಲಿ ಏನು ಮಾಡುವುದು?

ಉತ್ತರ: ಅಲ್ಲಿ ಇಡೀ ದ್ವೀಪವನ್ನು ಹಿಡಿಯುವ ಆಸೆ ಬಿಟ್ಟು, ಲಾವಾ ತಣಿದು ಕುಗ್ಗಿದಾಗ ಬಿರುಕುಬಿಟ್ಟು ಮೂಡಿದ ಬಹುಭುಜದ ಕಂಬಗಳ ಬಳಿಗೇ ಹೋಗಿ. ಬಿಸಿಲು ಅಡ್ಡಲಾಗಿ ಬೀಳುವ ಮೊದಲ ಅಥವಾ ಕೊನೆಯ ದೋಣಿಯ ಹೊತ್ತು ಒಳ್ಳೆಯದು. ಮೋಡದ ದಿನವಾದರೆ ಇನ್ನೂ ಒಳ್ಳೆಯದು. ಫಿಲ್ಟರಿಗೆ ಹಣ ಹಾಕುವುದಿದ್ದರೆ ಪೋಲರೈಸರ್‌ಗೆ ಹಾಕಿ. ಅದನ್ನು ನಿಧಾನವಾಗಿ ತಿರುಗಿಸಿದಾಗ ಒದ್ದೆ ಕಲ್ಲಿನ ಮೇಲಿನ ಬೆಳ್ಳನೆಯ ಹೊಳಪು ಅಳಿದು ಅದರ ನಿಜವಾದ ಬಣ್ಣ ಕಾಣುತ್ತದೆ. ಮನೆಗೆ ಬಂದೊಡನೆ ಟ್ರೈಪಾಡಿನ ಕಾಲುಗಳನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಉಪ್ಪು ಅದರ ಕೀಲುಗಳನ್ನು ಹಿಡಿಯುತ್ತದೆ.