ತೊಗಲುಗೊಂಬೆ ಶೈಲಿಯಲ್ಲಿ ಎಐ ಅನಿಮೇಷನ್: ನಮ್ಮ ಬಸವನಿಗೆ ಇಣಿ ಬರಿಸುವುದು ಹೇಗೆ?

ಕೇಳಿದವರು, ಹನುಮಂತನಗರ

ನಾನು ಪ್ರೈಮರಿ ಶಾಲೆಯ ಟೀಚರ್. ಈ ಸಲ ಕಡಲೆಕಾಯಿ ಪರಿಷೆಗೆ ಮುಂಚೆ ಮಕ್ಕಳಿಗೆ ತೋರಿಸಲು 2 ನಿಮಿಷದ ಅನಿಮೇಷನ್ ಮಾಡುತ್ತಿದ್ದೇನೆ. ಸುಂಕೇನಹಳ್ಳಿಯ, ಅಂದರೆ ಈಗಿನ ಬಸವನಗುಡಿಯ, ಬಸವನ ಕಥೆ. ರಾತ್ರಿ ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುವ ಬಸವ, ದೊಣ್ಣೆ ಹಿಡಿದು ಕಾಯುವ ರೈತರು, ಏಟು ಬಿದ್ದ ಮೇಲೆ ಬಸವ ಕಲ್ಲಾಗುವುದು, ಅಂದಿನಿಂದ ಮೊದಲ ಬೆಳೆ ಅವನಿಗೇ ಮೀಸಲು. ಇದನ್ನು ತೊಗಲುಗೊಂಬೆಯಾಟದ ಹಾಗೆ ತೋರಿಸಬೇಕು ಅಂತ ಆಸೆ.

ಎಐ ವಿಡಿಯೋ ಟೂಲ್‌ಗೆ ಬರೆದು ಕೊಟ್ಟರೆ ಪ್ಲಾಸ್ಟಿಕ್ ಆಟಿಕೆ ಥರ ಹೊಳೆಯುವ ಗೂಳಿ ಬರುತ್ತದೆ. ಒಂದೊಂದು ಕ್ಲಿಪ್‌ನಲ್ಲಿ ಒಂದೊಂದು ಮುಖ. ಹೆಗಲ ಮೇಲಿನ ಉಬ್ಬು, ಆ ಇಣಿಯೇ ಇರುವುದಿಲ್ಲ. ಟೂಲ್ ಬಳಸಲು ಕೊಳ್ಳುವ ಕ್ರೆಡಿಟ್‌ಗೆ ಆಗಲೇ 2,000 ರೂಪಾಯಿ ಹೋಯಿತು. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮಲ್ಲೇಶ್ವರದಿಂದ, ವಿಡಿಯೋ ಎಡಿಟಿಂಗ್ ಕೆಲಸದವರು

ಮೇಡಂ, ಮೊದಲು ಬರೆದು ಕೊಡುವುದನ್ನು ನಿಲ್ಲಿಸಿ. ಚಿತ್ರ ಕೊಡಿ. ಇದು ನನಗೆ ಗೊತ್ತಾಗಲು 3 ತಿಂಗಳು ಬೇಕಾಯಿತು.

ರನ್‌ವೇ, ಕ್ಲಿಂಗ್, ಲೂಮಾ, ವಿಯೋ, ಈ ಎಐ ವಿಡಿಯೋ ಟೂಲ್ ಎಲ್ಲದರಲ್ಲೂ 2 ದಾರಿ ಇದೆ. ಬರೀ ಮಾತಿನಿಂದ ವಿಡಿಯೋ ಮಾಡಿಸುವುದು ಒಂದು. ನಾವೇ ಒಂದು ಚಿತ್ರ ಕೊಟ್ಟು ಅದಕ್ಕೆ ಚಲನೆ ಕೊಡಿಸುವುದು ಇನ್ನೊಂದು. ಮಾತಿನಿಂದ ಮಾಡಿಸಿದರೆ ಪ್ರತಿ ಸಲವೂ ಅದು ಹೊಸ ಬಸವನನ್ನೇ ಹುಟ್ಟಿಸುತ್ತದೆ. ಹಿಂದಿನ ಕ್ಲಿಪ್‌ನ ಬಸವ ಅದಕ್ಕೆ ನೆನಪಿರುವುದಿಲ್ಲ. ಚಿತ್ರ ಕೊಟ್ಟರೆ ಮೊದಲ ಫ್ರೇಮ್ ನಿಮ್ಮದೇ ಆಗಿರುತ್ತದೆ, ಮುಖವೂ ನಿಮ್ಮದೇ.

ಹಾಗಾಗಿ ಅರ್ಧಕ್ಕಿಂತ ಜಾಸ್ತಿ ಕೆಲಸ ಸ್ಟಿಲ್ ಚಿತ್ರದಲ್ಲೇ ಮುಗಿಯಬೇಕು. ನಿಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಬಸವನನ್ನು ಒಮ್ಮೆ ಸರಿಯಾಗಿ ಬರೆಸಿ. ಕಾಗದದ ಮೇಲೆ ಬರೆದದ್ದನ್ನು ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದರೂ ಸಾಕು. ಅದೇ ಬಸವನನ್ನು ಹೊಲದಲ್ಲಿ, ಬಂಡೆಯ ಪಕ್ಕದಲ್ಲಿ ಇಟ್ಟು ಬೇರೆ ಬೇರೆ ಸ್ಟಿಲ್ ಮಾಡಿಕೊಳ್ಳಿ.

ಸ್ಟಿಲ್ ಕೂಡ ಎಐಯಿಂದಲೇ ಮಾಡಿಸುವುದಾದರೆ ತಳಿಯ ಹೆಸರು ಬರೆದು ಸುಮ್ಮನಾಗಬೇಡಿ. ನಾನು ಹಳ್ಳಿಕಾರ್ ಅಂತ ಬರೆದು ನೋಡಿದೆ, ಪ್ರಯೋಜನ ಆಗಲಿಲ್ಲ. ಕಣ್ಣಿಗೆ ಕಾಣುವುದನ್ನು ಬರೆಯಿರಿ. ಹೆಗಲ ಮೇಲೆ ಎತ್ತರದ ಇಣಿ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು, ಹಿಂದಕ್ಕೆ ಬಾಗಿದ ಉದ್ದ ಕೊಂಬು. ಕಡಲೆಕಾಯಿ ಗಿಡದ ಮೇಲೂ ಒಂದು ಕಣ್ಣಿಡಿ. ನನ್ನ ಒಂದು ಚಿತ್ರದಲ್ಲಿ ಕಾಯಿಗಳು ಟೊಮೆಟೊ ಹಾಗೆ ಗಿಡದ ತುದಿಯಲ್ಲಿ ನೇತಾಡುತ್ತಿದ್ದವು. ಮಕ್ಕಳಿಗೆ ತೋರಿಸುವ ಕಥೆ, ಕಾಯಿ ಮಣ್ಣಿನೊಳಗೇ ಇರಬೇಕು ಅಲ್ವಾ?

ಚಿತ್ರ ಕೊಟ್ಟ ಮೇಲೆ ಅದರಲ್ಲಿ ಏನೇನಿದೆ ಅಂತ ಮತ್ತೆ ವಿವರಿಸಬೇಡಿ. ಏನು ಅಲುಗಬೇಕು ಅನ್ನುವುದನ್ನು ಮಾತ್ರ ಬರೆಯಿರಿ: ಬಸವ ತಲೆ ಬಗ್ಗಿಸುತ್ತಾನೆ, ಕ್ಯಾಮೆರಾ ಅಲುಗುವುದಿಲ್ಲ. ಒಂದು ಕ್ಲಿಪ್‌ಗೆ ಒಂದೇ ಕ್ರಿಯೆ. 5 ಸೆಕೆಂಡ್ ಬಂದರೆ ಅದರಲ್ಲಿ ಬಳಸುವ ಹಾಗಿರುವುದು 3 ಸೆಕೆಂಡ್ ಅಂದುಕೊಳ್ಳಿ. ಆ ಲೆಕ್ಕದಲ್ಲಿ 2 ನಿಮಿಷಕ್ಕೆ 40 ಕ್ಲಿಪ್ ಬೇಕು. ಒಂದೊಂದನ್ನೂ 3 ಸಲ ಮಾಡಿಸಿದರೆ 120. ಅಷ್ಟು ಖರ್ಚು ಬೇಡ. ಕಥೆಯನ್ನು 1 ನಿಮಿಷಕ್ಕೆ ಇಳಿಸಿ, ಕೆಲವು ಕಡೆ ಸ್ಟಿಲ್ ಚಿತ್ರವನ್ನೇ ಇಟ್ಟು ಮೇಲೆ ಮಾತು ಹೇಳಿ.

ಕಲ್ಲಾಗುವ ಶಾಟ್‌ನಲ್ಲಿ ನೀವು ಖಂಡಿತ ಸಿಕ್ಕಿಹಾಕಿಕೊಳ್ಳುತ್ತೀರಿ, ಅದಕ್ಕೇ ಈಗಲೇ ಹೇಳುತ್ತೇನೆ. ಗುಡಿಯಲ್ಲಿರುವ ಬಸವ ಒಂದೇ ಕಲ್ಲಿನಲ್ಲಿ ಕಡೆದದ್ದು, ಸುಮಾರು 15 ಅಡಿ ಎತ್ತರ. ಅವನು ಕೂತಿದ್ದಾನೆ. ಹೊಲದಲ್ಲಿ ಮೇಯುವವನು ನಿಂತಿದ್ದಾನೆ. ಮೊದಲ ಫ್ರೇಮ್, ಕೊನೆಯ ಫ್ರೇಮ್ ಎರಡನ್ನೂ ಕೊಡುವ ಸೌಲಭ್ಯ ಹಲವು ಟೂಲ್‌ಗಳಲ್ಲಿದೆ. ಆದರೆ ನಿಂತ ಬಸವನಿಂದ ಕೂತ ಕಲ್ಲಿಗೆ ಒಂದೇ ಏಟಿಗೆ ಹೋದರೆ ಕಾಲುಗಳು ಮೇಣದ ಹಾಗೆ ಕರಗುತ್ತವೆ. 2 ಕ್ಲಿಪ್ ಮಾಡಿ. ಮೊದಲು ಬಸವ ಕೂರಲಿ. ಕೂತ ಮೇಲೆ ಬಣ್ಣ ಮಾತ್ರ ಬದಲಾಗಿ ಕಲ್ಲಾಗಲಿ.

ವಿಜಯನಗರದಿಂದ, ಮೂಲ ಊರು ಕೊಪ್ಪಳ

ಅಕ್ಕಾ, ಮೇಲಿನವರು ಹೇಳಿದ್ದೆಲ್ಲ ಸರಿ. ಗೊಂಬೆಯ ಬಗ್ಗೆ ನಾನು ಸ್ವಲ್ಪ ಹೇಳಬೇಕು, ಚಿಕ್ಕಂದಿನಲ್ಲಿ ರಾತ್ರಿಯೆಲ್ಲ ಕೂತು ನೋಡಿದವನು ನಾನು.

ತೊಗಲುಗೊಂಬೆ ತಾನಾಗಿ ಹೊಳೆಯುವುದಿಲ್ಲ. ಬೆಳಕು ಅದರ ಹಿಂದಿನಿಂದ ಬರುತ್ತದೆ. ಚರ್ಮವನ್ನು ತೆಳುವಾಗಿ ಹದ ಮಾಡಿ, ಬಣ್ಣ ಹಚ್ಚಿ, ಒಡವೆಯ ಜಾಗದಲ್ಲಿ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಆ ತೂತಿನಿಂದ ಬರುವ ಬೆಳಕೇ ಒಡವೆ. ಎಐ ಅಲ್ಲಿ ಚಿನ್ನದ ಬಣ್ಣ ಬಳಿಯುತ್ತದೆ, ಅಲ್ಲಿಗೆ ಗೊಂಬೆ ಆಟಿಕೆಯಾಗುತ್ತದೆ. ಹಿಂದಿನಿಂದ ದೀಪ, ಬೆಳಕು ಹಾಯುವ ತೆಳು ತೊಗಲು, ಕೊರೆದ ತೂತು, ಬಿಳಿ ಪರದೆ, ಪಕ್ಕದಿಂದ ಕಾಣುವ ಮುಖ ಅಂತ ಬರೆಯಿರಿ. ಶೈಲಿಯ ಹೆಸರಿಗಿಂತ ಇದು ಕೆಲಸಕ್ಕೆ ಬರುತ್ತದೆ.

ಇನ್ನೊಂದು ವಿಷಯ. ನಮ್ಮ ಗೊಂಬೆಗಳಲ್ಲಿ ದೇವರು, ರಾಜ ದೊಡ್ಡದು, ಸಾಮಾನ್ಯ ಜನ ಚಿಕ್ಕದು. ಬಸವನನ್ನು ರೈತರಿಗಿಂತ 3 ಪಟ್ಟು ದೊಡ್ಡದಾಗಿ ಮಾಡಿ. ಮಕ್ಕಳಿಗೆ ಯಾರು ಮುಖ್ಯ ಅಂತ ಮಾತಿಲ್ಲದೆ ಗೊತ್ತಾಗುತ್ತದೆ.

ಚಲನೆಯನ್ನು ಮಾತ್ರ ನಾನು ಎಐಗೆ ಬಿಡುವುದಿಲ್ಲ. ಗೊಂಬೆ ಕೀಲು ಇದ್ದಲ್ಲಿ ಮಾತ್ರ ತಿರುಗಬೇಕು. ಎಐ ಕೊಟ್ಟ ರೈತನ ಬೆನ್ನು ಬಳುಕುತ್ತದೆ, ಬೆರಳು ಮಡಚುತ್ತದೆ, ಕಣ್ಣು ಮಿಟುಕುತ್ತದೆ. ನಾನು ತಲೆ, ಕೈ, ದೊಣ್ಣೆ ಬೇರೆ ಬೇರೆ ಕತ್ತರಿಸಿ ಬ್ಲೆಂಡರ್ ಅನ್ನುವ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಕೈಯಾರೆ ತಿರುಗಿಸುತ್ತೇನೆ. ದೀಪದ ನಡುಕ, ಮೋಡ, ಧೂಳು, ಹೊಲದ ಮೇಲಿನ ಗಾಳಿ, ಇವನ್ನು ಎಐ ಬಹಳ ಚೆನ್ನಾಗಿ ಮಾಡುತ್ತದೆ. ಅದನ್ನು ಅದಕ್ಕೇ ಬಿಟ್ಟುಬಿಡಿ.

ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ಸಂಗ್ರಹ ಇದೆ. ಒಂದು ಶನಿವಾರ ಹೋಗಿ ನಿಂತು ನೋಡಿ. ಆದರೆ ಯಾವುದೇ ಕಲಾವಿದರ ಗೊಂಬೆಯ ಫೋಟೋವನ್ನು ಕೇಳದೆ ಟೂಲ್‌ಗೆ ಹಾಕಬೇಡಿ ಅಕ್ಕಾ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಇಡೀ ಜೀವನ ಕೊಟ್ಟ ಕಲೆ ಅದು. ನೋಡಿ ಕಲಿಯಿರಿ, ಬರೆಯುವುದು ನಿಮ್ಮ ಮಕ್ಕಳೇ ಬರೆಯಲಿ.

ರಾಜಾಜಿನಗರದಿಂದ

ಕನ್ನಡ ಅಕ್ಷರವನ್ನು ವಿಡಿಯೋದೊಳಗೆ ಬರೆಸಲು ಹೋಗಬೇಡಿ. ಒತ್ತಕ್ಷರ ಎಲ್ಲೆಲ್ಲೋ ಹಾರುತ್ತದೆ, ಕ್ಲಿಪ್ ಓಡುವಾಗ ಅಕ್ಷರಗಳೇ ಬದಲಾಗುತ್ತವೆ. ಶೀರ್ಷಿಕೆ, ಬೋರ್ಡ್ ಎಲ್ಲ ಎಡಿಟಿಂಗ್‌ನಲ್ಲಿ ಹಾಕಿ.

ಕೆಂಗೇರಿಯಿಂದ, ಸ್ವಂತ ಕಂಪ್ಯೂಟರ್‌ನಲ್ಲಿ ಮಾಡುವವರು

ಕ್ರೆಡಿಟ್ ಖರ್ಚು ಬೇಡ ಅನ್ನುವವರಿಗೆ ಒಂದು ದಾರಿ. ಅಲಿಬಾಬಾ 2025ರ ಫೆಬ್ರವರಿಯಲ್ಲಿ ವಾನ್ 2.1 ಅನ್ನುವ ವಿಡಿಯೋ ಮಾಡೆಲ್ ಅನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಅದರ ಚಿಕ್ಕ ಮಾಡೆಲ್‌ಗೆ ಸುಮಾರು 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಸಾಕು. ಇಂಥ ಮಾಡೆಲ್ ಓಡಿಸುವ ಕಂಫಿಯುಐ ಅನ್ನುವ ಸಾಫ್ಟ್‌ವೇರ್ ಮೂಲಕ ಓಡಿಸುತ್ತೇನೆ. ವಿಡಿಯೋ 480ಪಿ, ಅಂದರೆ ಕಡಿಮೆ ಸ್ಪಷ್ಟತೆಯಲ್ಲಿ ಬರುತ್ತದೆ, ಶಾಲೆಯ ಪ್ರೊಜೆಕ್ಟರ್‌ಗೆ ನಡೆಯುತ್ತದೆ. ನಿಮ್ಮದೇ ಶೈಲಿ ಬೇಕಿದ್ದರೆ 20-30 ಚಿತ್ರ ಕೊಟ್ಟು ಲೋರಾ, ಅಂದರೆ ಮಾಡೆಲ್‌ಗೆ ಆ ಶೈಲಿ ಕಲಿಸುವ ಸಣ್ಣ ಜೋಡಣೆ, ತರಬೇತಿ ಮಾಡಬಹುದು. ಆದರೆ ನಿಮ್ಮ ಒಂದು ಕಥೆಗೋಸ್ಕರ ಕಾರ್ಡ್ ಕೊಳ್ಳಬೇಡಿ ಮೇಡಂ.

ಫ್ರೇಮ್ ರೇಟ್ ಬಗ್ಗೆ ಯಾರೂ ಹೇಳಿಲ್ಲ, ನನಗೆ ಅದೇ ಮುಖ್ಯ. ಸಾಮಾನ್ಯವಾಗಿ ಟೂಲ್‌ಗಳು ಸೆಕೆಂಡಿಗೆ 24 ಫ್ರೇಮ್ ಕೊಡುತ್ತವೆ. ಚಲನೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಕೈಯಲ್ಲಿ ಬರೆಯುವ ಅನಿಮೇಷನ್‌ನಲ್ಲಿ ಒಂದೊಂದು ಚಿತ್ರವನ್ನು 2 ಫ್ರೇಮ್ ನಿಲ್ಲಿಸುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಅದರಲ್ಲಿ ಕ್ಲಿಪ್ ಅನ್ನು 12ಕ್ಕೆ ಇಳಿಸಿ. ಗೊಂಬೆಯಾಟಕ್ಕಾದರೆ 8ಕ್ಕೆ ಇಳಿಸಿದರೂ ಚೆಂದ. ಅಂಚಿನಲ್ಲಿ ಕಾಣುವ ಸಣ್ಣ ನಡುಕವೂ ಎಷ್ಟೋ ಮುಚ್ಚಿಹೋಗುತ್ತದೆ.

ಕೇಳಿದವರು, 2 ವಾರದ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಶನಿವಾರ ಚಿತ್ರಕಲಾ ಪರಿಷತ್ತಿಗೆ 4 ಮಕ್ಕಳನ್ನು ಕರೆದುಕೊಂಡು ಹೋದೆ. ಬಂದ ಮೇಲೆ ಅವರೇ ಕಪ್ಪು ಕಾಗದದಲ್ಲಿ ಬಸವನನ್ನು ಕತ್ತರಿಸಿ, ಸೂಜಿಯಲ್ಲಿ ತೂತು ಮಾಡಿ, ಹಿಂದೆ ಟಾರ್ಚ್ ಹಿಡಿದರು. ಅದರ ಫೋಟೋವನ್ನೇ ಮೊದಲ ಫ್ರೇಮ್ ಮಾಡಿಕೊಂಡೆ. ಇಣಿ ಎಲ್ಲ ಕ್ಲಿಪ್‌ನಲ್ಲೂ ಇದೆ! ರೈತರ ಕೈಯನ್ನು ನಾನೇ ತಿರುಗಿಸಿದೆ, ನಿಧಾನ ಆಯಿತು, ಆದರೆ ಬಳುಕಲಿಲ್ಲ. ಬಸವ ಕೂತು ಕಲ್ಲಾಗುವ ಶಾಟ್ 5ನೇ ಸಲಕ್ಕೆ ಬಂತು. ಈಗ ಒಟ್ಟು 65 ಸೆಕೆಂಡ್ ಇದೆ. 8 ಫ್ರೇಮ್‌ಗೆ ಇಳಿಸಿದಾಗ ಮಕ್ಕಳು ಇದೇ ಚೆನ್ನಾಗಿದೆ ಮಿಸ್ ಅಂದರು.

ಕಥೆ ಹೇಳಿದ್ದು ನಮ್ಮ ಅಜ್ಜಿ, ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿದೆ. ಕೊನೆಯ ದೃಶ್ಯಕ್ಕೆ ಪರಿಷೆಯ ಗದ್ದಲ ಬೇಕು. ಟೂಲ್ ಮಾಡಿಕೊಟ್ಟ ಸದ್ದು ಯಾವುದೋ ಊರಿನ ಮಾರ್ಕೆಟ್ ಥರ ಇದೆ. ಯಾರ ಹತ್ತಿರವಾದರೂ ಇದೆಯಾ?

ಮಲ್ಲೇಶ್ವರದಿಂದ

ನನ್ನ ಹತ್ತಿರ ಇದೆ ಮೇಡಂ. ಕಳೆದ ವರ್ಷ ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ನಡೆಯುತ್ತಾ ರೆಕಾರ್ಡ್ ಮಾಡಿದ್ದು, 6 ನಿಮಿಷ. ಮಧ್ಯದಲ್ಲಿ ಒಬ್ಬ ಅಮ್ಮ ಸೇರಿನಲ್ಲಿ ಕಡಲೆಕಾಯಿ ಅಳೆದು ಚೀಲಕ್ಕೆ ಸುರಿಯುವ ಸದ್ದು ಸ್ಪಷ್ಟವಾಗಿ ಬಂದಿದೆ. ಇವತ್ತು ರಾತ್ರಿ ಕಳಿಸುತ್ತೇನೆ.