ನಾಯಿ ಕಾಡುಹಂದಿ ಮೇಲೆ ನುಗ್ಗಲ್ಲ, ದೂರ ನಿಂತು ಬೊಗಳುತ್ತೆ. ಧೈರ್ಯ ಕಡಿಮೆನಾ?

ಪೊದೆದಾರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಬವೇರಿಯನ್ ಮೌಂಟನ್ ಹೌಂಡ್ ತಳಿಯ ಒಂದು ಹೆಣ್ಣು ನಾಯಿ ಇದೆ. ಇನ್ನೂ ಚಿಕ್ಕ ವಯಸ್ಸು. ಗುಂಡೇಟು ಬಿದ್ದು ತಪ್ಪಿಸಿಕೊಂಡ ಜಿಂಕೆಯ ರಕ್ತದ ಜಾಡು ಹಿಡಿಯುವುದು ಅವಳ ಕೆಲಸ. ಉದ್ದ ಹಗ್ಗದಲ್ಲೇ ಕೆಲಸ ಮಾಡುತ್ತಾಳೆ, ಮೂಗು ತುಂಬಾ ಚೆನ್ನಾಗಿದೆ.

ಮೊನ್ನೆ ಜಾಡು ಒಂದು ದಟ್ಟ ಮುಳ್ಳುಪೊದೆ ಕಡೆಗೆ ಹೋಯಿತು. ಅವಳು ಗಕ್ಕನೆ ನಿಂತಳು. ಕುತ್ತಿಗೆಯಿಂದ ಬಾಲದವರೆಗೆ ಬೆನ್ನ ಮೇಲಿನ ಕೂದಲು ನೆಟ್ಟಗೆ ಎದ್ದಿತ್ತು. ಪೊದೆಯೊಳಗಿಂದ ಬುಸ್ ಅಂತ ಉಸಿರು ಬಿಟ್ಟ ಸದ್ದು, ಆಮೇಲೆ ಹಲ್ಲಿಗೆ ಹಲ್ಲು ಹೊಡೆಯುವ ಟಕಟಕ ಸದ್ದು. ಒಂದು ಗಂಡು ಹಂದಿ ತಲೆ ತಗ್ಗಿಸಿ ಎರಡು ಹೆಜ್ಜೆ ಹೊರಗೆ ಬಂತು. ಅವಳು ಹಿಂದೆ ಸರಿದು, ಹಗ್ಗದ ಉದ್ದಕ್ಕೂ ಆ ಕಡೆ ಈ ಕಡೆ ಓಡಾಡುತ್ತಾ ಬೊಗಳುತ್ತಲೇ ಇದ್ದಳು. ಹತ್ತಿರ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಹಂದಿ ತಿರುಗಿ ಹೋಯಿತು.

ಜೊತೆಗಿದ್ದವರು "ಇದು ಹೇಡಿ ನಾಯಿ, ಹಂದಿ ಕೆಲಸಕ್ಕೆ ಆಗಲ್ಲ" ಅಂದುಬಿಟ್ಟರು. ಆಗಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ಅವಳಿಗೆ ಇನ್ನಷ್ಟು ಧೈರ್ಯ ಬರುವ ಹಾಗೆ ಮಾಡಬೇಕಾ? ರಕ್ಷಣಾ ಜಾಕೆಟ್ ತೆಗೆದುಕೊಂಡರೆ ಉಪಯೋಗ ಇದೆಯಾ? ಹಂದಿ ನಿಜವಾಗಿ ಮೈಮೇಲೆ ಬಂದರೆ ಹಗ್ಗ ಹಿಡಿದಿರಬೇಕಾ, ಬಿಡಬೇಕಾ?

ಹಳೇಜಾಡು ಉತ್ತರ:

ನಿಮ್ಮ ನಾಯಿ ಮಾಡಿದ್ದು ನೂರಕ್ಕೆ ನೂರು ಸರಿ. ದಯವಿಟ್ಟು ಅದನ್ನು ಕೆಡಿಸಬೇಡಿ.

ಹಂದಿ ಎದುರು ನಾಯಿಯ ಕೆಲಸ ಎರಡು ಥರ. ಒಂದು, ಹಿಡಿದು ನೆಲಕ್ಕೆ ಒತ್ತುವುದು. ಡೋಗೊ ಅರ್ಜೆಂಟೀನೋದಂಥ ಭಾರಿ ನಾಯಿಗಳನ್ನು ಬೆಳೆಸಿದ್ದೇ ಅದಕ್ಕೆ. ಇನ್ನೊಂದು, ದೂರ ನಿಂತು ಬೊಗಳಿ ಹಂದಿಯನ್ನು ಒಂದೇ ಕಡೆ ನಿಲ್ಲಿಸುವುದು. ಅಮೆರಿಕದ ಪ್ಲಾಟ್ ಹೌಂಡ್ ಇದಕ್ಕೆ ಹೆಸರುವಾಸಿ. ಜಾಡಿನ ನಾಯಿಗೆ ಬೇಕಾಗಿರುವುದು ಈ ಎರಡನೆಯದು. ಗಾಯಗೊಂಡ ಪ್ರಾಣಿ ಎಲ್ಲಿ ನಿಂತಿದೆ ಅಂತ ಬೊಗಳಿ ತಿಳಿಸಿ, ನಾವು ಬರುವ ತನಕ ಅದರ ಗಮನ ತನ್ನ ಕಡೆಗೇ ಇರುವ ಹಾಗೆ ನೋಡಿಕೊಂಡರೆ ಸಾಕು. ಅಷ್ಟರಲ್ಲಿ ತಾನು ಬದುಕಿರಬೇಕು, ಅದೇ ಮುಖ್ಯ.

ನುಗ್ಗುವ ನಾಯಿ ನೋಡೋಕೆ ಚೆಂದ. ಯಾಗ್ಡ್‌ಟೆರಿಯರ್‌ಗಳಲ್ಲಿ ಇಂಥವು ಜಾಸ್ತಿ, ಸಣ್ಣ ದೇಹ, ಹಿಂದೆಮುಂದೆ ನೋಡದ ಸ್ವಭಾವ. ಹೊಲಿಗೆ ಹಾಕಿಸಿಕೊಳ್ಳುವುದೂ ಅವೇ ಹೆಚ್ಚು. ಗಂಡು ಹಂದಿಯ ಕೆಳಗಿನ ಕೋರೆ ಮೇಲಿನದಕ್ಕೆ ಉಜ್ಜಿಕೊಂಡು ಸದಾ ಹರಿತವಾಗಿರುತ್ತೆ. ಅದು ತಲೆ ತಗ್ಗಿಸಿ ಕೆಳಗಿನಿಂದ ಮೇಲಕ್ಕೆ ಸೀಳುತ್ತೆ. ಭುಜದ ಮೇಲೆ ಗುರಾಣಿಯ ಹಾಗೆ ದಪ್ಪ ಚರ್ಮ ಬೇರೆ ಬೆಳೆದಿರುತ್ತೆ, ಅಲ್ಲಿ ನಾಯಿ ಕಚ್ಚಿದರೂ ಹಂದಿಗೆ ಏನೂ ಆಗಲ್ಲ. ನೀವು ಕೇಳಿದ ಆ ಟಕಟಕ ಸದ್ದು ಎಚ್ಚರಿಕೆ. ನಿಮ್ಮ ನಾಯಿಗೆ ಅದು ಅರ್ಥವಾಯಿತು, ಜೊತೆಗಿದ್ದವರಿಗೆ ಆಗಲಿಲ್ಲ.

ಅಭ್ಯಾಸ ಮಾಡಿಸಲೇಬೇಕು ಅಂತಿದ್ದರೆ ಜರ್ಮನಿಯಲ್ಲಿ ಒಂದು ಪದ್ಧತಿ ಇದೆ. ಬೇಲಿ ಹಾಕಿದ ಜಾಗದಲ್ಲಿ, ನಾಯಿಗಳನ್ನು ಕಂಡು ಅಭ್ಯಾಸವಿರುವ ಹಂದಿಗಳ ಎದುರು ನಾಯಿಯನ್ನು ಸ್ವಲ್ಪ ಹೊತ್ತು ಬಿಡುತ್ತಾರೆ. ತಿಳಿದವರು ಪಕ್ಕದಲ್ಲೇ ನಿಂತು ನೋಡುತ್ತಾರೆ. ಹಂದಿಗೆ ಹಿಂಸೆ ಆಗುತ್ತಿದೆ ಅನ್ನಿಸಿದರೆ, ಅಥವಾ ನಾಯಿ ಅತಿಯಾಗಿ ಮೈಮೇಲೆ ಬೀಳುತ್ತಿದ್ದರೆ, ನಿಲ್ಲಿಸಿಬಿಡುತ್ತಾರೆ. ಹಾಗೆ ಕಲಿಸುವುದು ಸರಿ. ಸುಮ್ನೆ ಕಾಡಿಗೆ ಕರೆದುಕೊಂಡು ಹೋಗಿ "ಹಿಡಿ ಹಿಡಿ" ಅಂತ ಛೂ ಬಿಡುವುದು ಕಲಿಕೆ ಅಲ್ಲ. ಎಷ್ಟೋ ಕಡೆ ಕಾನೂನೂ ಬಿಡಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಹಂಟಿಂಗ್ ಆಕ್ಟ್ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಾಡುಪ್ರಾಣಿಗಳನ್ನು ನಾಯಿಗಳಿಂದ ಬೇಟೆಯಾಡಿಸುವುದು ಅಪರಾಧ.

ಹೊಲಿಗೆದಾರ ಉತ್ತರ:

ನಾನು ಪಶುವೈದ್ಯ. ಹಂದಿಯಿಂದ ಗಾಯಗೊಂಡ ನಾಯಿಗಳನ್ನು ನೋಡುತ್ತಿರುತ್ತೇನೆ, ಹಾಗಾಗಿ ಗಾಯದ ಬಗ್ಗೆ ಮಾತ್ರ ಹೇಳುತ್ತೇನೆ.

ಮೇಲೆ ಕಾಣುವ ತೂತನ್ನು ನಂಬಬೇಡಿ. ಕೋರೆ ಚರ್ಮದಲ್ಲಿ ಬೆರಳು ತೂರುವಷ್ಟು ಜಾಗ ಮಾಡಿ ಒಳಗೆ ಹೋಗುತ್ತೆ, ಆಮೇಲೆ ತಲೆ ಎತ್ತಿ ಎಸೆಯುವಾಗ ಒಳಗಿನ ಮಾಂಸವನ್ನು ಅಗಲಕ್ಕೆ ಹರಿದುಹಾಕುತ್ತೆ. ಹೊರಗೆ ರಕ್ತ ಹೆಚ್ಚು ಇರಲ್ಲ. ನಾಯಿ ಬಾಲ ಅಲ್ಲಾಡಿಸುತ್ತಾ ಓಡಾಡಿಕೊಂಡಿರುತ್ತೆ, ಯಜಮಾನರು ಔಷಧಿ ಹಚ್ಚಿ ಮನೆಗೆ ಹೋಗುತ್ತಾರೆ. ಒಳಗೆ ಕೂದಲು, ಮಣ್ಣು, ಹಂದಿ ಬಾಯಿಯ ಕೊಳೆ ಎಲ್ಲ ಸೇರಿ ಎರಡು ಮೂರು ದಿನದಲ್ಲಿ ಕೀವು ಕಟ್ಟುತ್ತೆ. ಎದೆ, ಹೊಟ್ಟೆ, ಕುತ್ತಿಗೆ, ತೊಡೆಸಂದಿ, ಈ ಜಾಗಗಳಲ್ಲಿ ಎಷ್ಟೇ ಸಣ್ಣ ತೂತು ಕಂಡರೂ ಅವತ್ತೇ ತೋರಿಸಿ.

ಕಾಡಿನಲ್ಲಿ ಮಾಡಬೇಕಾದ್ದು ಸ್ವಲ್ಪವೇ. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ, ನಿಂತಿದೆಯಾ ಅಂತ ಪದೇಪದೇ ತೆಗೆದು ನೋಡಬೇಡಿ. ಕರುಳು ಹೊರಗೆ ಬಂದಿದ್ದರೆ ಒಳಗೆ ತಳ್ಳಬೇಡಿ, ಒದ್ದೆ ಬಟ್ಟೆ ಸುತ್ತಿ ಎತ್ತಿಕೊಂಡು ಬನ್ನಿ. ಎದೆಯ ತೂತಿನಿಂದ ಗಾಳಿ ಎಳೆಯುವ ಸದ್ದು ಬಂದರೆ ತೆಳು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ. ನೋವಲ್ಲಿರುವ ನಾಯಿ ನಿಮ್ಮನ್ನೇ ಕಚ್ಚಬಹುದು, ಬಾಯಿ ಕಟ್ಟುವುದು ಒಳ್ಳೆಯದು. ಆದರೆ ಉಸಿರಾಟಕ್ಕೆ ಕಷ್ಟಪಡುತ್ತಿರುವ ನಾಯಿಗೆ ಬಾಯಿ ಕಟ್ಟಲೇಬೇಡಿ.

ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ಬಹಳ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಔಜೆಸ್ಕಿ ಕಾಯಿಲೆ, ಅಂದರೆ ಸ್ಯೂಡೋರೇಬೀಸ್. ಹಂದಿಯಲ್ಲಿರುವ ಒಂದು ಹರ್ಪಿಸ್ ವೈರಸ್ಸಿನಿಂದ ಬರುತ್ತೆ. ದೊಡ್ಡ ಹಂದಿ ಅದನ್ನು ಹೊತ್ತುಕೊಂಡು ಆರಾಮಾಗಿ ಓಡಾಡಿಕೊಂಡಿರುತ್ತೆ, ನಾಯಿಗೆ ತಗುಲಿದರೆ ಉಳಿಯುವುದು ಇಲ್ಲವೇ ಇಲ್ಲ ಅನ್ನಬೇಕು. ವಿಪರೀತ ತುರಿಕೆ, ಜೊಲ್ಲು, ಆಮೇಲೆ ಒಂದೆರಡು ದಿನದಲ್ಲಿ ಸಾವು. ಚಿಕಿತ್ಸೆ ಇಲ್ಲ. ಹಂದಿಯ ಹಸಿ ಮಾಂಸ, ಕರುಳು, ಶ್ವಾಸಕೋಶ ಯಾವುದನ್ನೂ ನಾಯಿಗೆ ಬಹುಮಾನ ಅಂತ ಕೊಡಬೇಡಿ. ಬೇಟೆಯಾದ ಹಂದಿಯನ್ನು ನಾಯಿ ಕಚ್ಚಿ ಎಳೆದಾಡಲೂ ಬಿಡಬೇಡಿ.

ಗಾಳಿಕಡೆ ಉತ್ತರ:

ಹಗ್ಗದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಅಲ್ವಾ. ನನ್ನ ಪ್ರಕಾರ, ಹಂದಿ ಸುಮ್ನೆ ನಿಂತು ನೋಡುತ್ತಿದ್ದರೆ ಹಗ್ಗ ಗಿಡ್ಡ ಮಾಡಿಕೊಂಡು ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು, ಓಡಬಾರದು. ನಿಜವಾಗಿ ನುಗ್ಗಿ ಬಂದರೆ ಹಗ್ಗ ಬಿಟ್ಟುಬಿಡಿ. ಕಟ್ಟಿದ ನಾಯಿಗೆ ಪಕ್ಕಕ್ಕೆ ಜಿಗಿಯಲು ಆಗಲ್ಲ, ಹಗ್ಗ ನಿಮ್ಮ ಕಾಲಿಗೇ ಸುತ್ತಿಕೊಂಡು ಇಬ್ಬರೂ ಬೀಳುತ್ತೀರಿ. ನೀವು ಮರದ ಹಿಂದೆ ಹೋಗಿ, ಸಾಧ್ಯವಾದರೆ ಎತ್ತರದ ಜಾಗ ಹತ್ತಿ. ಮನುಷ್ಯರಿಗೆ ಏಟು ಬೀಳುವುದು ಹೆಚ್ಚಾಗಿ ತೊಡೆ, ಮೊಣಕಾಲಿನ ಹತ್ತಿರ. ಅಲ್ಲಿ ದೊಡ್ಡ ರಕ್ತನಾಳ ಇದೆ.

ಅದಕ್ಕಿಂತ ಮುಂಚೆ ಗಾಳಿ ಯಾವ ಕಡೆಗಿದೆ ನೋಡಿ. ಹಂದಿಯ ಕಣ್ಣು ಮಂದ, ಮೂಗು ಮತ್ತು ಕಿವಿ ಬಹಳ ಚುರುಕು. ನಿಮ್ಮ ವಾಸನೆ ಮುಂದೆ ಹೋದರೆ ಅದು ನೀವು ಕಾಣುವ ಮೊದಲೇ ಜಾಗ ಖಾಲಿ ಮಾಡುತ್ತೆ. ಎದುರುಗಾಳಿಯಲ್ಲಿ ಜಾಡು ಹಿಡಿದು ಹೋಗುವಾಗಲೇ ಅದರ ಮಲಗುವ ಜಾಗಕ್ಕೆ ನೇರವಾಗಿ ಕಾಲಿಟ್ಟುಬಿಡುವುದು. ಅಂಥ ಕಡೆ ಜೋರಾಗಿ ಮಾತಾಡಿಕೊಂಡು ಹೋಗಿ. ಪಟ್ಟೆ ಇರುವ ಮರಿಗಳು ಕಂಡರೆ ತಾಯಿ ಹತ್ತಿರದಲ್ಲೇ ಇದೆ ಅಂತಲೇ ತಿಳಿಯಿರಿ, ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸಿ. ತಾಯಿ ಹಂದಿ ಸೀಳುವುದಕ್ಕಿಂತ ಕಚ್ಚುವುದು ಹೆಚ್ಚು, ಮತ್ತು ಒಂದು ಸಲಕ್ಕೆ ಬಿಡಲ್ಲ.

ಜಾಕೆಟ್ ಬಗ್ಗೆ ಎಲ್ಲರೂ ಹೊಗಳುತ್ತಾರೆ, ನನಗೆ ಅಷ್ಟು ಒಪ್ಪಿಗೆ ಇಲ್ಲ. ಸೀಳುವ ಏಟನ್ನು ಅದು ತಡೆಯುತ್ತೆ ನಿಜ, ಗುದ್ದಿನ ರಭಸವನ್ನು ತಡೆಯಲ್ಲ. ಸೆಕೆಯಲ್ಲಿ ನಾಯಿ ಬೇಗ ಬಿಸಿಯೇರುತ್ತೆ, ಮುಂಗಾಲಿನ ಸಂದಿ ಉಜ್ಜಿ ಹುಣ್ಣಾಗುತ್ತೆ. ನಿಮ್ಮ ಹಾಗೆ ದಿನವಿಡೀ ಹಗ್ಗದಲ್ಲಿ ಮುಳ್ಳಿನ ನಡುವೆ ನಡೆಯುವ ನಾಯಿಗೆ ಹಾಕಿಯೇ ಇರುವುದು ಬೇಡ. ಜೊತೆಯಲ್ಲಿ ಇಟ್ಟುಕೊಂಡು, ಗಾಯಗೊಂಡ ಹಂದಿಯನ್ನು ನಿಲ್ಲಿಸಲು ಹಗ್ಗ ಬಿಚ್ಚುವಾಗ ಮಾತ್ರ ಹಾಕಿ. ಬಣ್ಣ ಮಾತ್ರ ಕಿತ್ತಳೆಯೇ ಇರಲಿ, ಕೋವಿ ಹಿಡಿದವರಿಗೆ ನಾಯಿ ಎದ್ದು ಕಾಣಬೇಕು.

ಪೊದೆದಾರಿ:

ತುಂಬಾ ಧನ್ಯವಾದ, ಮನಸ್ಸು ಹಗುರವಾಯಿತು. ಅವಳನ್ನು ಹೀಗೇ ಬಿಡುತ್ತೇನೆ. ಕೊನೆಯದಾಗಿ ಒಂದು: ಆಫ್ರಿಕನ್ ಹಂದಿ ಜ್ವರ ನಾಯಿಗೆ ಬರುತ್ತಾ?

ಹೊಲಿಗೆದಾರ ಉತ್ತರ:

ಇಲ್ಲ, ನಾಯಿಗೂ ಬರಲ್ಲ, ಮನುಷ್ಯರಿಗೂ ಬರಲ್ಲ. ಆದರೆ ನಿಮ್ಮ ಬೂಟು, ಹಗ್ಗ, ನಾಯಿಯ ಪಾದಗಳ ಮೂಲಕ ವೈರಸ್ ಬೇರೆ ಕಾಡಿಗೆ, ಇಲ್ಲವೇ ಹಂದಿ ಸಾಕಿದವರ ಕೊಟ್ಟಿಗೆಗೆ ಹೋಗಬಹುದು. 2007ರಲ್ಲಿ ಜಾರ್ಜಿಯಾ ದೇಶಕ್ಕೆ ಬಂದದ್ದು 2020ರ ಹೊತ್ತಿಗೆ ಜರ್ಮನಿಯ ಕಾಡುಹಂದಿಗಳಲ್ಲೂ ಸಿಕ್ಕಿತು. ಸತ್ತು ಬಿದ್ದ ಹಂದಿ ಕಂಡರೆ ಮುಟ್ಟದೆ, ನಾಯಿಯನ್ನೂ ಹತ್ತಿರ ಬಿಡದೆ, ಜಾಗ ಗುರುತು ಮಾಡಿ ಸಂಬಂಧಪಟ್ಟವರಿಗೆ ತಿಳಿಸಿ. ಬೂಟನ್ನು ಮೊದಲು ಬ್ರಷ್ ಹಾಕಿ ಮಣ್ಣು ಹೋಗುವ ತನಕ ತೊಳೆದು ಆಮೇಲೆ ಸೋಂಕುನಾಶಕ ಹಾಕಿ. ಮಣ್ಣು ಮೆತ್ತಿಕೊಂಡಿರುವಾಗ ಹಾಕಿದರೆ ಅದು ಸರಿಯಾಗಿ ಕೆಲಸ ಮಾಡಲ್ಲ.